ಗುರುವಾರದ ಸಂಜೆ

ಶಿಡ್ಲಘಟ್ಟದ ನಮ್ಮ ಫಿಲೇಚರಿನಲ್ಲಿ ಐದೂವರೆಗೆ
ಸೀಟಿ ಎರಡು ಸಲ ಕೂಗುತ್ತದೆ.
ಮೊದಲನೆಯದು ಮನೆಗೆ,
ಎರಡನೆಯದು ಓಟಿಗೆ.
ನಡುವೆ ಸೆರಗು ಹಿಂಡುವಷ್ಟು ಹೊತ್ತು,
ಅಷ್ಟರೊಳಗೆ ಲೆಕ್ಕ ಮುಗಿಯಬೇಕು.

ಗಂಟೆಗೆ ಐವತ್ತು, ಎರಡು ಗಂಟೆಗೆ ನೂರು.
ವಾರದ ಚೀಟಿ ನಾನೂರು.
ಸೋಮ ಮಂಗಳ ಬುಧ ಗುರು
ಬಿಸಿನೀರಿನ ಮುಂದೆ, ಗೂಡಿನ ಎಳೆ ಹುಡುಕುತ್ತ
ಹೋದ ವರ್ಷವೆಲ್ಲ ತಪ್ಪದೆ ಕೂತೆ.

ಹುಡುಗಿಯರನ್ನೆಲ್ಲ ಫ್ಯಾಕ್ಟರಿ ಬಸ್ಸು ಎತ್ತಿಕೊಂಡು ಹೋಗಿ
ದೀಪಾವಳಿ ಹೊತ್ತಿಗೆ ಕೈ ಸಾಲದೆ
ಅಮಾನುಲ್ಲಾ ಸಾಬರು ಎಪ್ಪತ್ತು ಮಾಡಿದರು.
"ಇನ್ನು ಐದು ದಿನಾನೂ ನಿಲ್ತೀರಿ ಬಿಡಿ."
ನಾನು ಬೆರಳು ಮಡಚಿದೆ:
ಮೂರೇ ಸಂಜೆಗೆ ನಾನೂರಿಪ್ಪತ್ತು.
ಗುರುವಾರ ಮೊದಲ ಸೀಟಿಗೇ ಚಪ್ಪಲಿ ಮೆಟ್ಟಿದೆ.

"ಏನಮ್ಮ ಮುನಿರತ್ನ, ಕಮ್ಮಿ ಕೊಟ್ಟಾಗ ನಿಂತಿದ್ದೆ,
ಜಾಸ್ತಿ ಕೊಟ್ರೆ ಓಡ್ತೀಯಲ್ಲ?"
ಸಿಟ್ಟಿರಲಿಲ್ಲ. ಬೆಂದ ಗೂಡಿಗೆ
ಎಳೆಯೇ ಸಿಗದಾಗ ನೋಡುತ್ತೇವಲ್ಲ,
ಹಾಗೆ ನೋಡಿದರು.
ಆಗ ಬಾಯಿಗೆ ಬರಲಿಲ್ಲ, ಈಗ ಹೇಳಬಹುದು:
ಸಾಬರೇ, ನೀವು ಏರಿಸಿದ್ದರಲ್ಲಿ
ನಾನೊಂದು ಗುರುವಾರ ಕೊಂಡೆ.

ಗಂಗುಲಮ್ಮ ಐದು ದಿನವೂ ನಿಲ್ಲುತ್ತಾಳೆ.
ಆಸೆಬುರುಕಿ ಅಂತಾರೆ. ನಾನು ಅನ್ನುವುದಿಲ್ಲ.
ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಬೈಯುವ ಮೈದುನ.
"ಇಲ್ಲಿ ಒಲೆ ಇನ್ನೊಬ್ರು ಉರಿಸ್ತಾರೆ ಕಣೆ,
ನಂಗಿದೇ ಬಿಡುವು" ಅಂದಳೊಮ್ಮೆ,
ಕೈ ನೀರಿನಿಂದ ತೆಗೆಯದೆ.

ಮೊದಲ ಗುರುವಾರ ಏನೂ ತೋಚಲಿಲ್ಲ.
ಮೆಟ್ಟಿಲ ಮೇಲೆ ಕೂತೆ.
ಬಲಗೈ ತಾನಾಗಿ ಗಾಳಿಯಲ್ಲಿ ಎಳೆ ಹುಡುಕಿತು.
ನೂರನಲವತ್ತು, ನೂರನಲವತ್ತು ಎಂದು
ಎದುರು ಮನೆ ಕುಕ್ಕರು ಕೂಗಿತು.
ಎದ್ದು ಅಂಗಳ ಗುಡಿಸಿದೆ, ಗುಡಿಸಿದ್ದನ್ನೇ.

ಮುಂದಿನ ಗುರುವಾರ ಶಮೀಮಳ ತಾಯಿ
ನೆನೆಸಿದ ಅವರೆಕಾಳಿನ ಬೋಗುಣಿ ತಂದು ಪಕ್ಕ ಕೂತರು.
ಒಂದೊಂದೇ ಹಿತಕಿದೆವು.
ಇದೂ ಕೆಲಸವೇ. ಗಂಟೆಗೆಷ್ಟು ಎಂದು ಮಾತ್ರ
ಯಾರೂ ಕೇಳಲಿಲ್ಲ.
ಒಂದು ಕಾಳು ಚಿಮ್ಮಿ ಚರಂಡಿಗೆ ಬಿತ್ತು,
ಅದಕ್ಕೇ ಅಷ್ಟು ನಕ್ಕೆವು.

ಏಳರ ಹೊತ್ತಿಗೆ
ಬೆಂದು ಬಿಳಿಚಿದ ಬೆರಳ ತುದಿಗೆ
ಸಿಪ್ಪೆ ಯಾವುದು, ಕಾಳು ಯಾವುದು
ಮೆಲ್ಲಗೆ ತಿಳಿಯತೊಡಗಿತು.
ಹುಳದ ವಾಸನೆ ಹೋಗಲಿಲ್ಲ.

ಸಂಕ್ರಾಂತಿಯಿಂದ ಚೀಟಿ ಐನೂರಂತೆ.
ಇನ್ನೂ ಬೆರಳು ಮಡಚಿಲ್ಲ.