ಎಡಗಡೆಯ ಗೇಟು

ಹೇ ಅಂದರೆ ಒಣಹುಲ್ಲು.
ಈ ನವೆಂಬರಿನಲ್ಲಿ ಊರಿನ ಹೆಸರಷ್ಟೇ ಉಳಿದಿದೆ, ಹುಲ್ಲಿಲ್ಲ.
ಬಯಲು ಎಷ್ಟು ಚಪ್ಪಟೆಯೆಂದರೆ
ನಾಳೆ ಬರುವ ಲಾರಿಯ ಧೂಳು ಇವತ್ತೇ ಕಾಣುತ್ತದೆ.

ಭಾನುವಾರದ ವಾಚನ: ಕುರಿ ಬಲಕ್ಕೆ, ಆಡು ಎಡಕ್ಕೆ.
ಪ್ರಬೋಧನೆ ಬರೆಯಲಾಗದೆ ಮೂರು ಹಾಳೆ ಹರಿದು
ಡರ್ಮಟ್ ಕ್ವಿಲ್ಟಿಯ ಕುರಿದೊಡ್ಡಿಗೆ ಹೋದೆ,
ಬೇರ್ಪಡಿಸುವುದು ಹೇಗೆಂದು ಕಣ್ಣಾರೆ ನೋಡೋಣವೆಂದು.

ನಮ್ಮ ಹಾರೋಬೆಲೆಯಲ್ಲಿ ಅಜ್ಜನಿಗೆ ಹನ್ನೊಂದು ಕುರಿ.
ಒಂದೊಂದಕ್ಕೂ ಹೆಸರು, ಒಂದಕ್ಕಂತೂ ಎರಡು:
ಒಳ್ಳೆಯ ದಿನಕ್ಕೊಂದು, ಬೇಲಿ ಹಾರಿದ ದಿನಕ್ಕೊಂದು.
ಇಲ್ಲಿ ನಾಲ್ಕು ಸಾವಿರ.
ಮರದ ಹಲಗೆಯ ಓಣಿಯಲ್ಲಿ ಒಂದರ ಹಿಂದೊಂದು ನುಗ್ಗಿ ಬರುತ್ತವೆ.
ತುದಿಯಲ್ಲಿ ಒಂದೇ ಗೇಟು, ಎರಡೂ ಕಡೆ ತಿರುಗುವಂಥದ್ದು,
ಅದರ ಮೇಲೆ ಡರ್ಮಟ್‌ನ ಕೈ.
ಬಲ. ಬಲ. ಎಡ. ಬಲ. ಎಡ.
ರೆಪ್ಪೆ ಬಡಿಯುವಷ್ಟೂ ಹೊತ್ತಿಲ್ಲ.

"ಹೇಗೆ ಗೊತ್ತಾಗುತ್ತೆ?" ಎಂದು ಕೂಗಿದೆ.
"ನಡಿಗೆ ನೋಡ್ತೀನಿ," ಅಂದ.
"ಮುಖ ನೋಡಿದರೆ ಎಲ್ಲಾ ಸಂತರೇ."

ನನಗೂ ಗೇಟು ಕೊಟ್ಟ.
ಐದು ನಿಮಿಷಕ್ಕೆ ಎಡದವು ಬಲದಲ್ಲಿ, ಬಲದವು ಎಡದಲ್ಲಿ,
ಒಂದಂತೂ ನಡುವೆಯೇ ಸಿಕ್ಕಿ ಅರಚುತ್ತಿತ್ತು.
"ಫಾದರ್, ಕಡೆಯ ದಿನ ದೇವರು ಇದನ್ನ ನಿಮ್ಮ ಕೈಗೆ ಕೊಡದಿರಲಿ."
ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎರಡು ವರ್ಷದ ಹಿಂದೆ, ನಸುಕಿನ ಮೂರಕ್ಕೆ,
ಮಗ ಕಾಲಂ ಕುಡಿದು ಮನೆಗೆ ಬಂದ.
ಕಾಂಗರೂಗೆ ಹೊಡೆದೆ, ಅಂದ.
ಡರ್ಮಟ್ ಪಿಕಪ್ಪಿನ ಮುಂದೆ ಟಾರ್ಚು ಹಿಡಿದ.
ಕಾಂಗರೂ ನೀಲಿ ಸ್ವೆಟರ್ ತೊಡುವುದಿಲ್ಲ.
ಟೆಸ್ ಮೆರಿಕ್, ಹತ್ತೊಂಬತ್ತು,
ಬೇಕರಿಯ ಪಾಳಿಗೆ ಸೈಕಲ್ಲಿನಲ್ಲಿ ಹೊರಟವಳು.
ಡರ್ಮಟ್ ಮಗನಿಗೆ ಟೀ ಮಾಡಿಕೊಟ್ಟ, ಕಂಬಳಿ ಹೊದಿಸಿದ,
ಆಮೇಲೆ ಅಡುಗೆಮನೆಯ ಫೋನು ಎತ್ತಿ
ಪೊಲೀಸರಿಗೆ ತನ್ನದೇ ವಿಳಾಸ ಹೇಳಿದ.

ಹೆತ್ತವರಿಗೆ ಹೆಗ್ಗಣ ಮುದ್ದು, ಅನ್ನುತ್ತಿದ್ದಳು ಅಮ್ಮ.
ಮುದ್ದು ಎಂದರೆ ಬಚ್ಚಿಡುವುದು
ಎಂದುಕೊಂಡೇ ಇಷ್ಟು ವರ್ಷ ಕಳೆದೆ.

ತಿಂಗಳಿಗೆರಡು ಶನಿವಾರ ಜುನೀ ಜೈಲು.
ಮುನ್ನೂರು ಕಿಲೋಮೀಟರು ಹೋಗಬೇಕು, ಮುನ್ನೂರು ಬರಬೇಕು.
ಮೊದಲ ಏಳು ತಿಂಗಳು ಕಾಲಂ ಹೊರಗೆ ಬರಲೇ ಇಲ್ಲ.
ಇವನು ಕಾಯುವ ಕೋಣೆಯಲ್ಲಿ ಟೊಪ್ಪಿ ತೊಡೆಯ ಮೇಲಿಟ್ಟು ಕೂತು,
ಯಂತ್ರದಿಂದ ಚಿಪ್ಸಿನ ಎರಡು ಪೊಟ್ಟಣ ಕೊಂಡು,
ಒಂದನ್ನು ತಿಂದು,
ಇನ್ನೊಂದನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಮರಳುತ್ತಿದ್ದ.
ಎಂಟನೆಯ ತಿಂಗಳು ಬಂದನಂತೆ. ಪೊಟ್ಟಣ ಒಡೆದನಂತೆ.
ಮಾತೇನೂ ಇಲ್ಲ.

ಪೂಜೆಯಲ್ಲಿ ಟೆಸ್‌ಳ ತಾಯಿ ಮೂರನೆಯ ಬೆಂಚು, ಇವನು ಕೊನೆಯದು.
ಶಾಂತಿ ಕೋರುವಾಗ ಎಲ್ಲರೂ ಕೈಚಾಚಿ ತಿರುಗುತ್ತಾರೆ.
ಆಕೆ ತಿರುಗುವುದಿಲ್ಲ.
ಬೇರೆ ಚರ್ಚಿಗೂ ಹೋಗುವುದಿಲ್ಲ.
ಅದನ್ನು ಏನೆಂದು ಕರೆಯಬೇಕೋ ನನಗಿನ್ನೂ ತಿಳಿಯದು.
ದೇವರು ಅದಕ್ಕೊಂದು ಹೆಸರಿಟ್ಟಿರಬಹುದು.

ಸಂಜೆ ಎಡದ ಅಂಗಳಕ್ಕೆ ಹೋದೆವು.
ಕಟುಕನ ಲಾರಿ ನಿಲ್ಲುವುದು ಅಲ್ಲೇ ಎಂದುಕೊಂಡಿದ್ದೆ.
ಕುಂಟುವವು, ಗೊರಸು ಕೊಳೆತವು, ಬೆನ್ನಿಗೆ ಹುಳು ಬಿದ್ದವು.
ಡರ್ಮಟ್ ಮಂಡಿಯೂರಿ, ಒಂದನ್ನು ಮಗುಚಿ ಹಾಕಿ,
ಕತ್ತರಿಯಿಂದ ಗೊರಸು ಕೊರೆದ.
ಅದು ಒದೆಯಿತು. ರಕ್ತ ಬಂತು, ಇಬ್ಬರಿಗೂ.
"ಹಾಗಾದರೆ ಬಲಕ್ಕೆ ಹೋದವು?"
"ಅವಕ್ಕೆ ಇವತ್ತು ನಾನು ಬೇಕಾಗಿಲ್ಲ."
"ಮತ್ತೆ ಲಾರಿ?"
ಕತ್ತರಿಯನ್ನು ಪ್ಯಾಂಟಿಗೆ ಒರೆಸಿಕೊಂಡ.
"ಬರುತ್ತೆ, ಫಾದರ್. ಸುಳ್ಳು ಹೇಳಲ್ಲ.
ಎಲ್ಲಾ ವಾಸಿಯಾಗಲ್ಲ."

ಭಾನುವಾರ ಹಾಳೆಯಿಲ್ಲದೆ ಮಾತಾಡಿದೆ, ಕೆಟ್ಟದಾಗಿ.
ನಡುವೆ ಒಂದು ಮಗು ಅತ್ತಿತು; ಎಲ್ಲರಿಗೂ ಹಾಯೆನಿಸಿರಬೇಕು.
ಹೇಳಬೇಕಾದ್ದು ರಾತ್ರಿ ನೆನಪಾಯಿತು, ದೀಪ ಆರಿಸಿದ ಮೇಲೆ:

ಕರ್ತನೇ, ನಾನು ಓಣಿಯಲ್ಲಿ ಬರುವಾಗ
ಮುಖ ನೋಡಬೇಡ, ನಡಿಗೆ ನೋಡು.
ಎಡಕ್ಕೇ ತಳ್ಳು,
ಅಲ್ಲಿ ಮಂಡಿಯೂರಿರುವುದು ನೀನಾದರೆ.
ಕೈಯಲ್ಲಿ ಕತ್ತರಿ ಇರಲಿ.
ಬಿಗಿಯಾಗಿ ಹಿಡಿದುಕೋ,
ನಾನು ಒದೆಯುತ್ತೇನೆ.