ಕುದುರೆ ಮಸಾಲೆ

ಇನ್ನೂರು ಪರ್ಸೆಂಟಿಗೆ ಹಿಗ್ಗಿಸಿದೆ, ಸಾಲಲಿಲ್ಲ.
ಹಿಗ್ಗಿದ್ದನ್ನೇ ಮತ್ತೆ ಗಾಜಿನ ಮೇಲಿಟ್ಟು
ಇನ್ನೊಮ್ಮೆ ಹಿಗ್ಗಿಸಿದೆ.
ಪೊಟ್ಟಣದ ಬೆನ್ನಿನ ಇರುವೆಸಾಲು
ಈಗ ಜಿರಳೆಗಳಷ್ಟು ದಪ್ಪ.
ಗಂಗಾನಗರದ ಈ ಝೆರಾಕ್ಸ್ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ
ಯಾರ್ಯಾರದೋ ಕ್ರಯಪತ್ರ, ಮಾರ್ಕ್ಸ್‌ಕಾರ್ಡು, ಮರಣದ ಸರ್ಟಿಫಿಕೇಟು
ಎರಡೂ ಬದಿ ತೆಗೆದುಕೊಟ್ಟಿದ್ದೇನೆ,
ಒಂದನ್ನೂ ಓದಿದವಳಲ್ಲ.
ಓದಿದ ಮೊದಲ ಕಾಗದ ಇದು:
ಇಗ್ವಾನಾದ ಒಣ ಮೇವು, ಐನೂರು ಗ್ರಾಮು.

ಶಾನುಭೋಗ ಗಲ್ಲಾಪೆಟ್ಟಿಗೆಯ ಮೇಲೆ ಕೂತಿದ್ದಾನೆ,
ಗಂಟಲ ಜೋಲುತೊಗಲನ್ನು ಶಲ್ಯದಂತೆ ಇಳಿಬಿಟ್ಟು,
ನನ್ನ ಲೆಕ್ಕದಲ್ಲಿ ತಪ್ಪು ಹುಡುಕುವವನ ಹಾಗೆ
ಒಂದೇ ಕಣ್ಣಲ್ಲಿ ನೋಡುತ್ತ.
ಹೆಬ್ಬಾಳದ ವೆಟರ್ನರಿ ಹುಡುಗ ತಿಪ್ಪೇರುದ್ರ
ಬೈಂಡಿಂಗ್ ಬಾಕಿ ಎಂಟುನೂರಕ್ಕೆ ಬದಲು
"ಎರಡು ದಿನ ಇರಲಿ ಅಕ್ಕಾ" ಎಂದು ಬಿಟ್ಟುಹೋದದ್ದು.
ಆ ಎರಡು ದಿನಕ್ಕೆ ಈಗ ಏಳು ತಿಂಗಳು.
ಹೋಗುವಾಗ ಹೇಳಿದ್ದಿಷ್ಟು:
ಇವನು ಸೊಪ್ಪಿನವನು. ಹುಳ, ಮೊಟ್ಟೆ, ಮೀನು ಸೋಕಿಸಬೇಡಿ,
ಕಿಡ್ನಿ ಹೋಗುತ್ತೆ.
ರಂಜಕ ಒಂದು ಪಾಲಾದರೆ ಸುಣ್ಣ ಎರಡಿರಲಿ,
ಇಲ್ಲದಿದ್ದರೆ ದವಡೆ ರಬ್ಬರಾಗುತ್ತೆ.
ಸೋಮವಾರ ಶನಿವಾರ ಬಿಟ್ಟರೆ ಮೀನಿಲ್ಲದೆ ಉಣ್ಣದವಳು ನಾನು.
ನನ್ನ ಪಾಲಿಗೆ ಬಂದವನು ಹುಟ್ಟಾ ಮಡಿವಂತ.

ಶಿವಾಜಿನಗರದ ಬಾಬಾಜಾನರು
ಗಿಣಿಗಳ ಗಲಾಟೆಯ ನಡುವೆ ಮೂರು ಪೊಟ್ಟಣ ಇಟ್ಟರು.
ಮೊದಲನೆಯದು ಕೆಂಪು, ಹಳದಿ, ಹಸಿರು ಗುಳಿಗೆ.
"ಎಲ್ಲರೂ ಇದನ್ನೇ ಒಯ್ಯೋದು."
ತಿನ್ನುವವನು ಅವನು, ಬಣ್ಣಕ್ಕೆ ಸೋಲುವವರು ನಾವು.
ಎರಡನೆಯದರ ಮೇಲೆ ಇಗ್ವಾನಾದ ಸ್ಟಿಕ್ಕರು, ಅಂಚು ಎದ್ದಿತ್ತು,
ಉಗುರಲ್ಲಿ ಕೆರೆದೆ. ಅಡಿಯಲ್ಲಿ ಮೊಲ.
ಮೂರನೆಯದು ಬೂದುಹಸಿರು, ಒಂಬೈನೂರ ಐವತ್ತು ರೂಪಾಯಿ.
"ಒಳ್ಳೇದಾ?"
"ಮೇಲೇ ಬರೆದಿದ್ದಾರಲ್ಲಮ್ಮಾ, ಒಳ್ಳೇದು ಅಂತ."
ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ.
ಸೀಲು ಒಡೆಯದಿದ್ದರೆ ಎರಡು ವಾಪಸ್ ಎಂಬ ಮಾತಿನ ಮೇಲೆ
ಮೂರನ್ನೂ ತಂದೆ.

ಪಟ್ಟಿಯಲ್ಲಿ ಮೊದಲು ಬಂದದ್ದೇ
ಹೊಟ್ಟೆಗೆ ಹೆಚ್ಚು ಹೋಗುವುದು. ಅದು ನಿಯಮ.
ಬಣ್ಣದ್ದರಲ್ಲಿ ಮೊದಲು ಜೋಳ, ಆಮೇಲೆ ಸೋಯಾ,
ನಾಲ್ಕನೆಯ ಸಾಲಿನಲ್ಲಿ, ಮರೆಯಲ್ಲಿ ನಿಂತವನಂತೆ, ಮೀನಿನ ಪುಡಿ.
ಕಳ್ಳ ಸಿಕ್ಕಿದ. ನನ್ನ ಬಾಯಲ್ಲಿ ನೀರೂ ಬಂತು.
ಮೊಲದ್ದರಲ್ಲಿ ಸುಣ್ಣದ ಸುದ್ದಿಯೇ ಇಲ್ಲ,
ತಾರೀಖಿನ ಮೇಲೆ ಇನ್ನೊಂದು ತಾರೀಖು.
ಮೂರನೆಯದರಲ್ಲಿ ಮೊದಲ ಪದ ಆಲ್ಫಾಲ್ಫಾ.
ಏನಿದು, ಯಾವ ದೇಶದ್ದು?
ಫೋನಿನಲ್ಲಿ ಚಿತ್ರ ತೆಗೆದರೆ, ಹಾಲಿನ ಪಿಳ್ಳಮ್ಮ ಇಣುಕಿ
ಕ್ಯಾನು ಕೆಳಗಿಟ್ಟು ನಕ್ಕಳು:
"ಅಯ್ಯೋ, ಕುದುರೆ ಮಸಾಲೆ ಕಣವ್ವ!
ನಮ್ಮ ಸೀಮೆಹಸುಗೆ ಕಂತೆ ಕಂತೆ ಹಾಕ್ತಿದ್ವಿ.
ಎಷ್ಟು ಕೊಟ್ಟೆ?"
ಹೇಳಲಿಲ್ಲ.

ಅರ್ಧ ಗಂಟೆ ನೀರಲ್ಲಿ ನೆನೆಸಿಟ್ಟೆ.
ಮೊದಲ ದಿನ ನೋಡಲೂ ಇಲ್ಲ.
ಎರಡನೆಯ ದಿನ ಬಾಲ ಬೀಸಿದ,
ಬಟ್ಟಲು ಮಗುಚಿ ಯಾರದೋ ಬಾಡಿಗೆ ಕರಾರು ಹಸಿರಾಯಿತು.
ಮೂರನೆಯ ದಿನ ಪಕ್ಕದ ಕಾಂಪೌಂಡಿನ ದಾಸವಾಳ ಹರಿದು
ಮೇಲೆ ಹರಡಿದೆ.
ಹೂ ತಿಂದ, ಎಲೆ ತಿಂದ.
ಗುಳಿಗೆಯೊಂದು ತುಟಿಗಂಟಿತ್ತು;
ನಾಲಗೆ ಬಂದು, ಯೋಚಿಸಿ, ಒಳಗೆಳೆದುಕೊಂಡಿತು.
ಈಗ ಒಪ್ಪಂದ ಹೀಗೆ:
ಊಟ ಸೊಪ್ಪಿನದು. ಗುಳಿಗೆ ಉಪ್ಪಿನಕಾಯಿಯಷ್ಟು.

ರಾತ್ರಿ ಷಟರ್ ಅರ್ಧ ಇಳಿಸಿ ಟೀ ಬಗ್ಗಿಸಿಕೊಂಡೆ.
ಕೈ ತಾನಾಗಿ
ನನ್ನ ಬಿಸ್ಕತ್ತಿನ ಪೊಟ್ಟಣವನ್ನು ಗಾಜಿನ ಮೇಲೆ ಮಲಗಿಸಿತು.
ಇನ್ನೂರು ಪರ್ಸೆಂಟು.
ಮೈದಾ. ಸಕ್ಕರೆ. ಎಣ್ಣೆ.
ಮತ್ತೆ ಸಕ್ಕರೆ, ಬೇರೆ ಹೆಸರಲ್ಲಿ.
ಡಾಕ್ಟರು ಬರೆದ ಚೀಟಿಯೂ ಅಲ್ಲೇ ಡ್ರಾಯರಿನಲ್ಲಿದೆ,
ಅದನ್ನು ಹಿಗ್ಗಿಸಬೇಕಿಲ್ಲ.
ಒಂದನ್ನು ಅದ್ದಿ ತಿಂದೆ.
ಎರಡನೆಯದನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ.
ಮೆಶೀನಿನ ಬೆಚ್ಚನೆಯ ಮುಚ್ಚಳದ ಮೇಲೆ ಮೈಚಾಚಿದ್ದ ಶಾನುಭೋಗ
ನೋಡುತ್ತಿದ್ದ ಆ ಒಂದು ಕಣ್ಣನ್ನೂ ಮುಚ್ಚಿಕೊಂಡ.