ಪಕ್ಕದಲ್ಲಿ ಕೂತವಳು

ಬ್ರ್ನೋ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ನನ್ನ ಕೆಲಸ, ಕೂತಿರುವುದು.
ಆರು ಗಂಟೆ. ಕೆಲವೊಮ್ಮೆ ಎಂಟು.
ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಮಲಗಿದವರ ಪಕ್ಕ
ಹೆಣೆಯದೆ, ಓದದೆ, ತೂಕಡಿಸದೆ.

ಅಣಬೆ ಅಂತಾರೆ, ಇಲ್ಲಿ ಅಣಬೆಯೇ ಇಲ್ಲ.
ಸ್ಟೀಲು ಬಟ್ಟಲಲ್ಲಿ ಒಂದು ಬಿಳಿ ಗುಳಿಗೆ.
ಮಣ್ಣಿನ ವಾಸನೆಯಿಲ್ಲ, ಅಂಟಿದ ಪೈನ್ ಸೂಜಿಯಿಲ್ಲ,
ಅರ್ಧ ತಿಂದು ಬಿಟ್ಟ ಬಸವನಹುಳುವಿನ ಗುರುತಿಲ್ಲ.
ಅಸಲಿಯೋ, ಬರೀ ಸಕ್ಕರೆಪುಡಿಯೋ
ಕೊಡುವ ನನಗೂ ಗೊತ್ತಿಲ್ಲ, ನುಂಗುವವರಿಗೂ.
ಗೊತ್ತಿರುವುದು ಒಂದು ಲಕೋಟೆಗೆ;
ಅದು ನೆಲಮಾಳಿಗೆಯ ಕಪಾಟಿನಲ್ಲಿ
ಬಾಯಿ ಅಂಟಿಸಿಕೊಂಡು ಕೂತಿದೆ.

ಮಾರ್ಚಿನಲ್ಲಿ ಬಂದವನು ವ್ರಾಟಿಸ್ಲಾವ್ ಕೂಬಾತ್.
ಬೊಂಬೆ ಕೆತ್ತುವವನು. ಅಲ್ಲ, ಕೆತ್ತುತ್ತಿದ್ದವನು.
ನಾಲ್ಕು ವರ್ಷದಿಂದ ಉಳಿ ಮುಟ್ಟಿಲ್ಲ.
"ಲಿಂಡೆನ್ ಮರದ ತುಂಡು ಕೈಗೆತ್ತಿಕೊಂಡರೆ
ಮೊದಲೆಲ್ಲ ಒಳಗಿಂದ ಯಾರೋ ಕೆಮ್ಮುತ್ತಿದ್ದರು.
ಈಗ ಬರೀ ಮರ," ಎಂದ.
ಹೆಂಡತಿ ತೀರಿಕೊಂಡಳೇ ಅಂತ ಕೇಳಿದೆ, ಫಾರಮ್ಮಿನಲ್ಲಿ ಆ ಪ್ರಶ್ನೆಯಿದೆ.
"ಇದ್ದಾಳೆ. ಅಡುಗೆಮನೆಯಲ್ಲಿ, ರೇಡಿಯೋ ಹಾಕಿಕೊಂಡು.
ಯಾರೂ ಹೋಗಿಲ್ಲ. ಅದೇ ತೊಂದರೆ.
ಹೋಗಿರುವುದು ನಾನು."

ಹತ್ತೂವರೆಗೆ ನುಂಗಿದ.
ಹನ್ನೊಂದು ಹತ್ತು: ಕಾಲಿನ ಹೆಬ್ಬೆರಳು ಅಲ್ಲಾಡಿತು.
ಹನ್ನೊಂದು ನಲವತ್ತು: ನಕ್ಕ.
ಹನ್ನೆರಡಕ್ಕೆ ಅತ್ತ, ಸದ್ದಿಲ್ಲದೆ,
ಸರಿಯಾಗಿ ತಿರುಗಿಸದ ನಲ್ಲಿಯ ಹಾಗೆ.
ಒಂದೂಕಾಲಿಗೆ ನನ್ನ ಕೈ ಹುಡುಕಿದ, ಸಿಕ್ಕಿತು.
"ಆಲೂಗಡ್ಡೆ ತುರಿಯುವ ತಗಡು," ಎಂದ ಸ್ಪಷ್ಟವಾಗಿ,
"ಎಷ್ಟೊಂದು ಕಿಟಕಿ ಅದಕ್ಕೆ!"
ಬರೆದುಕೊಂಡೆ. ಎಲ್ಲವನ್ನೂ ಬರೆದುಕೊಳ್ಳಬೇಕು.
ಅವನು ಹೋಗಿದ್ದ ಕಡೆ ನನಗೆ ಕುರ್ಚಿಯಿಲ್ಲ.

ಡಾಕ್ಟರ್ ಸ್ಲಾವಿಕೋವಾ ಪರದೆಯ ಮೇಲೆ ಮೆದುಳು ತೋರಿಸುತ್ತಾರೆ.
ಮಾತು ಬಿಟ್ಟು ಕೂತ ಓಣಿಗಳೆಲ್ಲ
ಆ ಹೊತ್ತು ಒಂದೇ ಜಗಲಿಗೆ ಬರುತ್ತವಂತೆ.
ನರದ ಟೊಂಗೆಯಲ್ಲಿ ಚಿಗುರೊಡೆಯಬಹುದು,
ಇಲಿಗಳಲ್ಲಿ ಕಂಡಿದೆ, ನಮ್ಮಲ್ಲೂ ಇರಬಹುದು.
ಮಬ್ಬು ಹರಿಯಬಹುದು. ಮರಳಿ ಕವಿಯಬಹುದು.
ಕೆಲವರಿಗೆ ಬಾಗಿಲು ತೆರೆದರೆ ಒಳಗೆ ಬೆಂಕಿ ಕಾಣಬಹುದು,
ಅದಕ್ಕೇ ಕುರ್ಚಿ, ಅದಕ್ಕೇ ನೀನು.
ಇಪ್ಪತ್ತು ವರ್ಷದ ನರ್ಸ್ ಕೆಲಸದಲ್ಲಿ
ಇಷ್ಟೊಂದು 'ಬಹುದು' ಒಟ್ಟಿಗೆ ಕೇಳಿರಲಿಲ್ಲ.
ಆ ಹೆಂಗಸನ್ನು ನಾನು ನಂಬುವುದು ಅದಕ್ಕೇ ಇರಬೇಕು.

ಟ್ರ್ಯಾಮ್ ಓಡಿಸುವ ಝ್ದೆಂಕಾ ಎರಡು ಗಂಟೆ ನಡುಗಿದಳು.
ನನ್ನ ತೋಳಿನಲ್ಲಿ ಅವಳ ಉಗುರು ವಾರವಿಡೀ ಇತ್ತು.
ಇನ್ನೆಂದೂ ಬೇಡ ಅಂತ ಸಹಿ ಹಾಕಿ ಹೋದಳು.
ಕ್ರಿಸ್‌ಮಸ್‌ಗೆ ಕಾರ್ಡು ಬಂತು, ಒಳಗೆ ಏನೂ ಬರೆದಿರಲಿಲ್ಲ.

ಮೇ ತಿಂಗಳಲ್ಲಿ ವ್ರಾಟಿಸ್ಲಾವ್ ಮತ್ತೆ ಬಂದ, ಚೀಲದಲ್ಲಿ ಏನೋ.
ನಾನು ರಾಜನನ್ನೋ ದೆವ್ವವನ್ನೋ ಕಾದಿದ್ದೆ,
ಹೋಗಲಿ, ಮೂರು ಕಣ್ಣಿನ ಏನನ್ನಾದರೂ.
ಇದ್ದದ್ದು ಒಂದು ಸೌಟು.
ಸೌಟೇ. ಹಿಡಿ ಕೊಂಚ ಸೊಟ್ಟ.
"ಅವಳದು ಮುರಿದಿತ್ತು," ಎಂದ.
"ಕೆತ್ತುವಾಗ ಒಳಗೆ ಯಾರೂ ಕೆಮ್ಮಲಿಲ್ಲ.
ನಾನೇ ಕೆಮ್ಮಿದೆ."
ಸೃಜನಶೀಲತೆ, ಹತ್ತಕ್ಕೆ ಎಷ್ಟು?
ಫಾರಮ್ಮು ಕೇಳುತ್ತದೆ. ಸೌಟಿಗೆ ಎಷ್ಟು ಹಾಕಲಿ?

ಲಕೋಟೆ ಒಡೆಯುವುದು ನವೆಂಬರಿನಲ್ಲಿ.
"ಸಕ್ಕರೆ ಅಂತ ಬಂದರೆ ನನಗೆ ಹೇಳಬೇಡಿ," ಎಂದ ಬಾಗಿಲಲ್ಲಿ ನಿಂತು.
"ಅಣಬೆ ಅಂತ ಬಂದರೆ?"
"ಅದನ್ನೂ."

ನಿನ್ನೆ ಭಾನುವಾರ. ಬುಟ್ಟಿ, ಬಾಗಿದ ಚಾಕು, ಅಕ್ಕನ ಹಳೆಯ ಬೂಟು.
ಸೆಪ್ಟೆಂಬರ್ ಬಂದರೆ ಇಲ್ಲಿ ಎಲ್ಲರೂ ಕಾಡಿನಲ್ಲಿ ಬಾಗಿದವರೇ,
ಸೂಪಿಗೆ, ಹುರಿಯಲಿಕ್ಕೆ, ದಾರಕ್ಕೆ ಪೋಣಿಸಿ ಒಣಗಿಸಲಿಕ್ಕೆ.
ಕೊಳೆತ ಕೊಂಬೆಯ ಬದಿ ಕಂದು ಟೋಪಿಯ ಪುಟ್ಟ ನಾಯಿಕೊಡೆ;
ಉಗುರು ತಾಗಿದಲ್ಲಿ ನೀಲಿಗಟ್ಟಿತು, ಏಟು ಬಿದ್ದ ಚರ್ಮದಂತೆ.
ಇದರಡಿ ಯಾವ ನಾಯಿ ನಿಂತೀತು, ಯಾವ ಮಳೆಗೆ?
ಅದನ್ನು ಬಿಟ್ಟು ಬಂದೆ.
ಉಳಿದವನ್ನು ಕೊಯ್ದ ಕಡೆಯೆಲ್ಲ, ಅಜ್ಜಿ ಕಲಿಸಿದಂತೆ,
ಪಾಚಿ ಎಳೆದು ಗಾಯ ಮುಚ್ಚಿದೆ.

ಇವತ್ತು ಹೊಸಬನ ಕಾಲಿಂದ ಹೊದಿಕೆ ಜಾರಿದೆ.
ಎದ್ದು ಸರಿಮಾಡಿ ಕೂರುತ್ತೇನೆ.
ಹನ್ನೊಂದು ಇಪ್ಪತ್ತು, ಅಂತ ಬರೆಯುತ್ತೇನೆ.